ಬ್ಯೂನಸ್ ಐರಿಸ್‌ನ ಮಿಲೋಂಗಾ: ಕಣ್ಣಲ್ಲೇ ಕೇಳುವ, ಕಣ್ಣಲ್ಲೇ ಬೇಡವೆನ್ನುವ ಕೂಟ

ಅರ್ಜೆಂಟೀನಾ, ಉರುಗ್ವೆಗಳ ಜೋಡಿ ನೃತ್ಯ ಟ್ಯಾಂಗೋ 2009ರಲ್ಲೇ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದೆ. ಅದನ್ನು ಕುಣಿಯಲು ಜನ ಸೇರುವ ಕೂಟವೇ ಮಿಲೋಂಗಾ. ಹಳೇ ಪದ್ಧತಿಯ ಮಿಲೋಂಗಾಕ್ಕೆ ನಾವು ಹೆಚ್ಚು ಅಂಕ ಕೊಡುವುದು ಅಲ್ಲಿ ‘ಬೇಡ’ ಎನ್ನುವುದು ಎಷ್ಟು ಸಲೀಸು ಎಂಬುದಕ್ಕೆ.

ಬೆಂಗಳೂರಿನ ಸಾಲ್ಸಾ, ಬಚಾಟಾ ನೃತ್ಯದ ಸಂಜೆಗಳಲ್ಲಿ ಎದುರು ನಿಂತು ಕೈ ಚಾಚುವುದು ರೂಢಿ. ನಾಲ್ಕು ಜನರ ಮುಂದೆ ಇಲ್ಲ ಎನ್ನಲಾಗದೆ ಎಷ್ಟೋ ಮಂದಿ ದಾಕ್ಷಿಣ್ಯಕ್ಕೆ ಎದ್ದುಬಿಡುತ್ತಾರೆ. ಮಿಲೋಂಗಾದಲ್ಲಿ ಮೇಜಿನ ಬಳಿ ಹೋಗಿ ಕರೆಯುವಂತಿಲ್ಲ. ಗಂಡಸು ತಾನು ಕರೆಯಬೇಕೆಂದಿರುವ ಹೆಂಗಸನ್ನು ದೂರದಿಂದಲೇ ನೋಡಬೇಕು, ಅದು ಮಿರಾದಾ. ಕಣ್ಣು ಕೂಡಿದರೆ ಸಣ್ಣಗೆ ತಲೆಯಾಡಿಸಬೇಕು, ಅದು ಕಾಬೆಸೆಯೊ. ಆಕೆಯೂ ತಲೆಯಾಡಿಸಿದರೆ ಒಪ್ಪಿಗೆ; ನೋಟ ಹೊರಳಿಸಿದರೆ ಅಲ್ಲಿಗೆ ಮುಗಿಯಿತು, ಪಕ್ಕದವರಿಗೂ ಗೊತ್ತಾಗುವುದಿಲ್ಲ. ಎಡವಟ್ಟಾಗುವುದು ಹಿಂದೆ ಮುಂದೆ ಕೂತ ಇಬ್ಬರೂ ನೋಟ ತಮಗೇ ಎಂದುಕೊಂಡಾಗ. ಅದಕ್ಕೇ ಅವನು ನೋಟ ಕೀಳದೆ ನಡೆದು ಬರುತ್ತಾನೆ, ಎದುರು ಬಂದು ನಿಲ್ಲುವ ತನಕ ಆಕೆ ಕುರ್ಚಿ ಬಿಡುವುದಿಲ್ಲ.

ಅಪ್ಪುಗೆ ಎಷ್ಟು ಹತ್ತಿರವಿರಬೇಕೆಂದು ತಿಳಿಯಲು ಆಕೆಯ ಎಡಗೈ ಗಮನಿಸಿ. ಅದು ಬೆನ್ನು ಬಳಸಿದರೆ ಹತ್ತಿರದ ಅಪ್ಪುಗೆ. ತೋಳಿನ ಮೇಲೆಯೇ ನಿಂತು ತುಸು ಒತ್ತಿದರೆ ಅಂತರ ಬೇಕೆಂದರ್ಥ. ಆಗ ಅವನು ಬಲಗೈ ಬಿಗಿ ಸಡಿಲಿಸಿ ಒಂದು ಗೇಣು ಹಿಂದೆ ಸರಿಯಬೇಕು. ಎಳೆದುಕೊಳ್ಳುವವನಿಗೆ ಆಮೇಲೆ ಕಣ್ಣುಗಳು ಸಿಗುವುದಿಲ್ಲ, ಇದು ನ್ಯಾಯವೇ.

ಒಮ್ಮೆ ಒಪ್ಪಿದರೆ ಒಂದು ತಾಂದಾ, ಅಂದರೆ ಮೂರು ನಾಲ್ಕು ಹಾಡು. ನಂತರ ಕೋರ್ತಿನಾ ಎಂಬ ತುಣುಕು ಸಂಗೀತ ಬಂದಾಗ ಎಲ್ಲರೂ ಜಾಗಕ್ಕೆ ಮರಳುತ್ತಾರೆ. ಬಿಡಿಸಿಕೊಳ್ಳಲು ನೆಪ ಹುಡುಕಬೇಕಿಲ್ಲ. ಜೊತೆಗಾರ ಮೈಮೇಲೆ ಬೀಳುತ್ತಿದ್ದಾನೆನಿಸಿದರೆ ನಡುವೆಯೇ ‘ಗ್ರಾಸಿಯಾಸ್’ ಎಂದು ಹೊರಡಬಹುದು. ಹಾಗಾಗಿ ಪ್ರತಿ ಹಾಡಿನ ಕೊನೆಗೂ ಸೌಜನ್ಯಕ್ಕೆಂದು ಆ ಮಾತು ಆಡಬೇಡಿ, ಸಾಕು ಎಂದೇ ತಿಳಿಯುತ್ತಾರೆ. ಕುಣಿಯುತ್ತಾ ಜೊತೆಗಾರರ ಹೆಜ್ಜೆ ತಿದ್ದುವುದೂ ತಪ್ಪು.

ನಾವು ಅಂಕ ಕಳೆಯುವುದು ಮಂದ ಬೆಳಕಿಗೆ. ಮುಖ ಕಾಣದ ಕಡೆ ಜನ ಮತ್ತೆ ಮೇಜಿನ ಬಳಿಗೇ ಬರತೊಡಗುತ್ತಾರೆ, ಇಡೀ ಏರ್ಪಾಡು ಕುಸಿಯುತ್ತದೆ. ಮೊದಲು ತಲೆಯಾಡಿಸುವ ಹಕ್ಕು ಗಂಡಸರದ್ದೇ ಎಂಬ ಹಳೇ ರೂಢಿಯೂ ನಮಗೆ ಒಪ್ಪಿಗೆಯಿಲ್ಲ. ಗಂಡು-ಹೆಣ್ಣೆಂಬ ಕಟ್ಟುಪಾಡಿಲ್ಲದ ಕ್ವಿಯರ್ ಮಿಲೋಂಗಾಗಳಲ್ಲಿ ಯಾರು ಯಾರನ್ನಾದರೂ ಕೇಳಬಹುದು.

ಮೊದಲ ಸಲ ಹೋಗುವವರು ಮುಂದಿನ ಸಾಲಿನಲ್ಲಿ ಜಾಗ ಕೇಳಿ. ಜೋಡಿಯಾಗಿ ಒಂದೇ ಮೇಜಿಗೆ ಕೂತರೆ ಬೇರೆಯವರು ಕರೆಯುವುದಿಲ್ಲ. ಕರೆಯಬೇಕೆಂದಿದ್ದರೆ ಬೇರೆ ಬೇರೆ ಕೂರಿ. ದೂರದ್ದು ಮಂಜಾಗಿ ಕಾಣುವವರು ಕನ್ನಡಕ ಮರೆಯಬೇಡಿ.