ಕಿಟ್ ತರಿಸಿ ಕಟ್ಟಿದ ಸ್ಪೀಕರೋ, ಶೋರೂಮಿನಿಂದ ತಂದ ಸ್ಪೀಕರೋ?

ಒಂದು ಜೊತೆ ಸ್ಪೀಕರಿಗೆ ಎರಡರಿಂದ ಎರಡೂವರೆ ಲಕ್ಷ ರೂಪಾಯಿ ಹಾಕಲು ಮನಸ್ಸು ಮಾಡಿದವರ ಮುಂದೆ ಮೂರು ದಾರಿಗಳಿವೆ. ಶೋರೂಮಿನಿಂದ ಸಿದ್ಧ ಜೋಡಿಯನ್ನು ಮನೆಗೆ ತರಬಹುದು. ಸ್ಟುಡಿಯೋದವರು ಬಳಸುವ, ಆಂಪ್ಲಿಫೈಯರ್ ಒಳಗೇ ಇರುವ ಆಕ್ಟಿವ್ ಮಾನಿಟರುಗಳನ್ನು ಕೊಳ್ಳಬಹುದು. ಇಲ್ಲವೇ ಡ್ರೈವರುಗಳೂ (ಸದ್ದು ಹೊರಡಿಸುವ ಘಟಕಗಳು) ಕ್ರಾಸ್‌ಓವರಿನ (ಎತ್ತರದ, ತಗ್ಗಿನ ಧ್ವನಿಗಳನ್ನು ಬೇರ್ಪಡಿಸಿ ಅವುಗಳಿಗೆ ಹಂಚುವ ಸರ್ಕ್ಯೂಟು) ಬಿಡಿಭಾಗಗಳೂ ಇರುವ ಕಿಟ್ಟನ್ನು ಹೊರದೇಶದಿಂದ ತರಿಸಿ, ಪೆಟ್ಟಿಗೆಯನ್ನು ಇಲ್ಲಿಯೇ ಮಾಡಿಸಿ, ಬೆಸುಗೆ ಹಾಕಿ ಕಟ್ಟಿಕೊಳ್ಳಬಹುದು. ಬೆಂಗಳೂರಿನ ನನ್ನ ಮನೆಯ ಒಂದೇ ಕೋಣೆಯಲ್ಲಿ ಈ ಮೂರನ್ನೂ ಇಟ್ಟು ಕೇಳಿದ್ದೇನೆ. ಕೊನೆಗೆ ಕೋಣೆಯಲ್ಲಿ ಉಳಿದದ್ದು ಕಿಟ್. ನನ್ನ ಒಲವೂ ಅದರ ಕಡೆಗೇ ಇದೆ. ಆದರೆ ಕಿಟ್ ಎಲ್ಲರಿಗೂ ಹೊಂದುವ ವಸ್ತುವಲ್ಲವೆಂದೂ, ಅದಕ್ಕೆ ಕಾರಣ ಧ್ವನಿಯಲ್ಲ, ಮರಗೆಲಸವೆಂದೂ ಹೇಳುವುದಕ್ಕಾಗಿಯೇ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಇಲ್ಲಿ ಕಿಟ್ ಎಂದಾಗ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಬಜಾರಿನಲ್ಲಿ ಸಿಗುವ ಡ್ರೈವರಿಗೆ ಒಂದು ಕೆಪಾಸಿಟರ್ ಬೆಸೆದು ಮುಗಿಸುವ ಜೋಡಣೆಯನ್ನು ಹೇಳುತ್ತಿಲ್ಲ. ನಾರ್ವೆಯ ಮಾಸ್ ಪಟ್ಟಣದಲ್ಲಿ 1950ರಿಂದ ಡ್ರೈವರುಗಳನ್ನು ತಯಾರಿಸುತ್ತ ಬಂದಿರುವ ಸೀಯಾಸ್ ಕಂಪನಿಯ ಎಕ್ಸೆಲ್ ಶ್ರೇಣಿಯಂಥವು, ಡೆನ್ಮಾರ್ಕಿನ ಸ್ಕ್ಯಾನ್‌ಸ್ಪೀಕ್ ಕಂಪನಿಯ ರೆವೆಲೇಟರ್ ಶ್ರೇಣಿಯಂಥವು ನನ್ನ ಮನಸ್ಸಿನಲ್ಲಿವೆ. ಇಂಥ ಕಂಪನಿಗಳ ಡ್ರೈವರುಗಳನ್ನೇ ಹಲವಾರು ಲಕ್ಷದ ಸಿದ್ಧ ಸ್ಪೀಕರುಗಳಲ್ಲಿಯೂ ಕಾಣಬಹುದು. ಸಿದ್ಧ ಸ್ಪೀಕರಿಗೆ ಕೊಡುವ ಹಣದಲ್ಲಿ ಪೆಟ್ಟಿಗೆ, ಮೆರುಗು, ಸಾಗಾಟ, ಜಾಹೀರಾತು, ಡೀಲರನ ಪಾಲು ಎಲ್ಲವೂ ಸೇರಿರುತ್ತವೆ. ಕಿಟ್ಟಿನಲ್ಲಿ ಹಣದ ಬಹುಪಾಲು ಡ್ರೈವರಿಗೂ ಕ್ರಾಸ್‌ಓವರಿಗೂ ಹೋಗುತ್ತದೆ. ಕಿಟ್ ಪರವಾದ ವಾದದ ತಿರುಳು ಇಷ್ಟೇ, ಮತ್ತು ಅದು ಸರಿಯಾದ ವಾದ.

ನಾನು ಆರಿಸಿಕೊಂಡದ್ದು ಏಳು ಇಂಚಿನ ಎಕ್ಸೆಲ್ ಊಫರ್ (ತಗ್ಗಿನ ಧ್ವನಿಯ ಡ್ರೈವರ್) ಮತ್ತು ಟ್ವೀಟರ್ (ಎತ್ತರದ ಧ್ವನಿಯದು) ಇರುವ ಟೂ-ವೇ ಕಿಟ್. ಆ ಊಫರಿನ ಕೋನ್, ಅಂದರೆ ಕಂಪಿಸಿ ಸದ್ದು ಮಾಡುವ ಶಂಕು, ಮೆಗ್ನೀಸಿಯಂ ಲೋಹದ್ದು; ನಟ್ಟನಡುವೆ ಫೇಸ್ ಪ್ಲಗ್ ಎನ್ನುವ ಅಲುಗಾಡದ ತಾಮ್ರದ ತುಂಡು ಹೊಳೆಯುತ್ತಿರುತ್ತದೆ. ಲೋಹದ ಕೋನಿಗೆ ಒಂದು ಸ್ವಭಾವವಿದೆ: ತನ್ನ ಕೆಲಸದ ವ್ಯಾಪ್ತಿಯಲ್ಲಿ ಅದು ಬಾಗದೆ, ಬಳುಕದೆ ಒಂದೇ ತುಂಡಾಗಿ ಚಲಿಸುತ್ತದೆ, ಆ ವ್ಯಾಪ್ತಿ ಮೀರಿದೊಡನೆ, ಈ ಊಫರಿನಲ್ಲಿ ಸುಮಾರು 5 ಕಿಲೋಹರ್ಟ್ಸ್ ಬಳಿ, ಜೋರಾಗಿ ಅನುರಣಿಸುತ್ತದೆ. ಆ ಅನುರಣನವನ್ನು ಕ್ರಾಸ್‌ಓವರಿನಲ್ಲಿಯೇ ಅದುಮಬೇಕು, ಟ್ವೀಟರಿಗೆ ಕೆಲಸವನ್ನು 2 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕಡಿದಾದ ಇಳಿಜಾರಿನೊಂದಿಗೆ ಒಪ್ಪಿಸಬೇಕು. 1976ರಲ್ಲಿ ಹ್ಯೂಲೆಟ್-ಪ್ಯಾಕರ್ಡ್‌ನ ಎಂಜಿನಿಯರ್ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ತಮ್ಮ ಸಹೋದ್ಯೋಗಿ ರಸ್ ರೈಲಿಯವರ ಹೆಸರೂ ಸೇರಿ ಪ್ರಸಿದ್ಧವಾದ ಫಿಲ್ಟರನ್ನು ವಿವರಿಸಿದರು. ಅದರಲ್ಲಿ ಎರಡೂ ಡ್ರೈವರುಗಳು ಸಂಧಿಸುವ ಆವರ್ತನದಲ್ಲಿ ತಲಾ 6 ಡೆಸಿಬೆಲ್ ಇಳಿದಿರುತ್ತವೆ, ಕೂಡಿದಾಗ ಮಟ್ಟ ಸಮವಾಗುತ್ತದೆ. ನನ್ನ ಕಿಟ್ಟಿನದೂ ಅದೇ ಬಗೆ. ಇಂಥ ಡ್ರೈವರುಗಳನ್ನು ಬಿಡಿಬಿಡಿಯಾಗಿ ಕೊಂಡು, ಅಳತೆಯ ಮೈಕ್ ಇಲ್ಲದೆ, ಕ್ರಾಸ್‌ಓವರನ್ನು ತಾವೇ ಊಹಿಸಿ ಕಟ್ಟುವವರು ಲಕ್ಷ ರೂಪಾಯಿಯ ವಸ್ತುವಿನಿಂದ ಹತ್ತು ಸಾವಿರದ ಧ್ವನಿ ಪಡೆಯುತ್ತಾರೆ. ಕಿಟ್ಟಿಗೆ ಕೊಡುವ ಹೆಚ್ಚುವರಿ ಹಣ ಕ್ರಾಸ್‌ಓವರಿನ ಸಿದ್ಧ ನಕ್ಷೆಗಾಗಿ, ಅದರ ಹಿಂದಿನ ಅಳತೆಗಳಿಗಾಗಿ.

ಬೆಸುಗೆಯ ಕೆಲಸ ಕಷ್ಟವಲ್ಲ. ಕ್ರಾಸ್‌ಓವರಿನ ಕಾಯಿಲ್‌ಗಳನ್ನು (ತಂತಿಯ ಸುರುಳಿಗಳನ್ನು) ಒಂದಕ್ಕೊಂದು ಲಂಬಕೋನದಲ್ಲಿ, ದೂರದೂರ ಇಟ್ಟರೆ ಸಾಕು.

ಕಷ್ಟವಿರುವುದು ಪೆಟ್ಟಿಗೆಯಲ್ಲಿ. ಭಾರದ ಕಾರಣಕ್ಕೆ ಕಿಟ್ ಮಾರುವವರು ಪೆಟ್ಟಿಗೆಯನ್ನು ಇಷ್ಟು ದೂರಕ್ಕೆ ಕಳಿಸುವುದಿಲ್ಲ, ನಕ್ಷೆಯನ್ನಷ್ಟೇ ಕೊಡುತ್ತಾರೆ. ನನಗೆ ಬಂದ ನಕ್ಷೆ 22 ಮಿಲಿಮೀಟರ್ ದಪ್ಪದ ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ) ಹಲಗೆಯನ್ನು ಕೇಳುತ್ತಿತ್ತು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಕೇಳಿದ ಕಡೆಯೆಲ್ಲ 18 ಇತ್ತು, 25 ಇತ್ತು, 22 ಇರಲಿಲ್ಲ. ಪೆಟ್ಟಿಗೆಯ ಹೊರ ಅಳತೆ 220, 400, 320 ಮಿಲಿಮೀಟರ್. ಹೊರ ಅಳತೆಯನ್ನು ಹಾಗೆಯೇ ಇಟ್ಟುಕೊಂಡು 18ರ ಹಲಗೆ ಹಾಕಿದರೆ ಒಳಗಿನ ಗಾತ್ರ 17.3 ಲೀಟರಿನಿಂದ 19 ಲೀಟರಿಗೆ ಏರುತ್ತದೆ. ಗಾಬರಿಯಾಗುವಂಥದ್ದೇನಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಮುಂದೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಸ್ಪೀಕರ್ ಪೆಟ್ಟಿಗೆಗಳ ಬಗ್ಗೆ ಬರೆದ ಪ್ರಬಂಧಗಳಿಂದಾಗಿ ಇದನ್ನೆಲ್ಲ ಕಾಗದದ ಮೇಲೆಯೇ ಲೆಕ್ಕ ಹಾಕಬಹುದು: 40 ಹರ್ಟ್ಸಿಗೆ ಶ್ರುತಿಮಾಡಿದ ಪೋರ್ಟು (ಪೆಟ್ಟಿಗೆಯ ಗಾಳಿಕೊಳವೆ) 38ರ ಹತ್ತಿರಕ್ಕೆ ಇಳಿಯುತ್ತದೆ, ಅಷ್ಟೇ. ಬದಲಿಸಬಾರದ್ದು ಮುಂಭಾಗದ ಅಗಲ. ಧ್ವನಿ ಮುಂದಕ್ಕಷ್ಟೇ ಹೋಗುವ ಹಂತದಿಂದ ಸುತ್ತಲೂ ಹರಡುವ ಹಂತಕ್ಕೆ ಎಲ್ಲಿ ಜಾರುತ್ತದೆ ಎಂಬುದನ್ನು ಆ ಅಗಲವೇ ನಿರ್ಧರಿಸುತ್ತದೆ. 22 ಸೆಂಟಿಮೀಟರ್ ಅಗಲಕ್ಕೆ ಅದು ಸುಮಾರು 520 ಹರ್ಟ್ಸ್, ಕ್ರಾಸ್‌ಓವರಿನ ಲೆಕ್ಕದಲ್ಲಿ ಅದು ಆಗಲೇ ಸೇರಿದೆ. ಅಂದಕ್ಕೆಂದು ಮೂರು ಬೆರಳು ಅಗಲ ಹೆಚ್ಚಿಸಿದರೆ ಗಾಯಕರ ದನಿಯ ಮೈಕಟ್ಟೇ ಬದಲಾಗುತ್ತದೆ.

ಇದಿಷ್ಟೂ ಲೆಕ್ಕದ ಮಾತಾಯಿತು. ನಿಜವಾಗಿ ಬೇಸರ ತರಿಸಿದ್ದು ಒಂದು ಸಣ್ಣ ತಗ್ಗು. ಟ್ವೀಟರಿನ ಮುಖಫಲಕ ಸುಮಾರು ನಾಲ್ಕು ಇಂಚಿನ ಬಿಲ್ಲೆ. ಅದು ಹಲಗೆಯ ಮೇಲೆ ಕೂರಬಾರದು, ಅದರ ದಪ್ಪದಷ್ಟೇ ಆಳದ ತಗ್ಗಿನಲ್ಲಿ ಇಳಿದು ಹಲಗೆಯ ಮಟ್ಟಕ್ಕೆ ಸಮವಾಗಿ ನಿಲ್ಲಬೇಕು. 10 ಕಿಲೋಹರ್ಟ್ಸಿನ ತರಂಗದ ಉದ್ದ ಮೂರೂವರೆ ಸೆಂಟಿಮೀಟರಿಗಿಂತಲೂ ಕಡಿಮೆ. ಅಂಥ ತರಂಗಕ್ಕೆ ನಾಲ್ಕು ಮಿಲಿಮೀಟರಿನ ಮೆಟ್ಟಿಲು ಎದುರಾದರೆ ಅದರ ಒಂದು ಪಾಲು ಅಲ್ಲಿಂದ ಚದುರಿ ತಡವಾಗಿ ಬಂದು ಮೂಲ ಧ್ವನಿಯೊಂದಿಗೆ ಕಲಸಿಕೊಳ್ಳುತ್ತದೆ. ನಮ್ಮ ಮನೆಯ ವಾರ್ಡ್‌ರೋಬನ್ನೂ ಅಡುಗೆಮನೆಯ ಕಪಾಟುಗಳನ್ನೂ ಸೊಗಸಾಗಿ ಮಾಡಿಕೊಟ್ಟ ಬಡಗಿಯ ಬಳಿ ಮರದಲ್ಲಿ ತಗ್ಗು ಕೊರೆಯುವ ರೌಟರ್ ಯಂತ್ರವೇನೋ ಇತ್ತು, ಆದರೆ ಅದನ್ನು ವೃತ್ತದಲ್ಲಿ ತಿರುಗಿಸುವ ಕೈವಾರದ ಜೋಡಣೆ ಇರಲಿಲ್ಲ. ಕೈಯಲ್ಲಿಯೇ ತಿರುಗಿಸಿ ತೆಗೆದ ತಗ್ಗು ಒಂದು ಕಡೆ ಬಿಗಿಯಾಯಿತು, ಇನ್ನೊಂದು ಕಡೆ ಬೆರಳ ಉಗುರು ತೂರುವಷ್ಟು ಸಡಿಲವಾಯಿತು. ಎಂಡಿಎಫ್‌ನ ಒಳಪದರ ಹತ್ತಿಯ ಹಾಗೆ ಎದ್ದು ನಿಂತಿತು. "ಸಾರ್, ಕಪಾಟಿನ ಬಾಗಿಲು ಹೇಳಿ, ಸಂಜೆಗೆ ಕೊಡ್ತೀನಿ. ಇದು ನಮ್ಮ ಕೈಗೆ ಬರೋ ಕೆಲಸ ಅಲ್ಲ" ಎಂದು ಅವರೇ ಹೇಳಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೊರೆಯುವ) ಯಂತ್ರವಿರುವವರನ್ನು ವಿಚಾರಿಸಿದರೆ, ಎರಡೇ ಹಲಗೆಯ ಕೆಲಸವೆಂದ ಮೇಲೆ ಮಾತು ಮುಂದುವರಿಯುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಅಕ್ರಿಲಿಕ್ ನಾಮಫಲಕಗಳನ್ನೂ ದೇವರಮನೆಯ ಜಾಲರಿಗಳನ್ನೂ ಲೇಸರಿನಲ್ಲಿ ಕತ್ತರಿಸಿಕೊಡುವ ಒಂದು ಪುಟ್ಟ ಅಂಗಡಿಯಲ್ಲಿ. ತಗ್ಗನ್ನು ಕೊರೆಯುವ ಬದಲು ಮುಂಭಾಗವನ್ನೇ ಎರಡು ಪದರದಲ್ಲಿ ಮಾಡಿಸಿದೆ: ಒಳಗೆ 18 ಮಿಲಿಮೀಟರ್ ಹಲಗೆ, ಅದರಲ್ಲಿ ಡ್ರೈವರಿನ ಬೆನ್ನು ತೂರುವಷ್ಟು ಸಣ್ಣ ರಂಧ್ರ, ಹೊರಗೆ 4 ಮಿಲಿಮೀಟರ್ ಎಂಡಿಎಫ್, ಅದರಲ್ಲಿ ಮುಖಫಲಕ ಕೂರುವಷ್ಟು ದೊಡ್ಡ ರಂಧ್ರ. ದೊಡ್ಡ ರಂಧ್ರವನ್ನು ಲೇಸರ್ ಕೂದಲೆಳೆಯ ನಿಖರತೆಯಲ್ಲಿ ಕತ್ತರಿಸಿತು. ಒಳಗಿನ ಸಣ್ಣ ರಂಧ್ರ ತುಸು ಸೊಟ್ಟಗಿದ್ದರೂ ಮುಚ್ಚಿಹೋಗುವುದರಿಂದ ಅದನ್ನು ಬಡಗಿಯೇ ಜಿಗ್ಸಾ ಗರಗಸದಲ್ಲಿ ತೆಗೆದರು. ಎರಡನ್ನೂ ಫೆವಿಕಾಲ್ ಹಚ್ಚಿ, ಮೇಲೆ ಭಾರ ಹೇರಿ ಅಂಟಿಸಿದ ಮೇಲೆ ಮುಂಭಾಗದ ದಪ್ಪ ಸರಿಯಾಗಿ 22 ಆಯಿತು, ನಕ್ಷೆ ಕೇಳಿದಷ್ಟೇ. ಕರಕಲಾದ ಅಂಚನ್ನು ಮರಳು ಕಾಗದದಿಂದ ಉಜ್ಜಬೇಕು, ಇಲ್ಲದಿದ್ದರೆ ಬಣ್ಣ ನಿಲ್ಲುವುದಿಲ್ಲ. ಡ್ರೈವರಿನ ಸ್ಕ್ರೂಗಳನ್ನು ಎಂಡಿಎಫ್‌ಗೆ ನೇರವಾಗಿ ತಿರುಗಿಸಿದರೆ ಎರಡನೆಯ ಸಲ ಬಿಚ್ಚುವಾಗ ಹಿಡಿತ ಹೋಗುತ್ತದೆ. ಹಿಂದಿನಿಂದ ಟಿ-ನಟ್ (ಹಲಗೆಯಲ್ಲಿ ಕಚ್ಚಿ ಕೂರುವ ಲೋಹದ ನಟ್) ಹಾಕಿಸುವುದು ಒಳಿತು. ಈಗ ಮತ್ತೊಂದು ಪೆಟ್ಟಿಗೆ ಮಾಡಿಸುವುದಾದರೆ ಸಾಮಾನ್ಯ ಎಂಡಿಎಫ್ ಬದಲು, ಅಡುಗೆಮನೆಗೆ ಬಳಸುವ, ತೇವ ತಡೆಯುವ ಎಚ್‌ಡಿಎಚ್‌ಎಂಆರ್ ಹಲಗೆಯನ್ನೇ ಆರಿಸುತ್ತೇನೆ; ಮಳೆಗಾಲದಲ್ಲಿ ಅದರ ಅಂಚು ಅಷ್ಟು ಬೇಗ ಉಬ್ಬುವುದಿಲ್ಲ.

ಸುಂಕದ ವಿಷಯ ಚುಟುಕಾಗಿ. ಸುಂಕವನ್ನು ವಸ್ತುವಿನ ಬೆಲೆಯ ಮೇಲಷ್ಟೇ ಹಾಕುವುದಿಲ್ಲ, ಸಾಗಾಟದ ಖರ್ಚನ್ನೂ ವಿಮೆಯನ್ನೂ ಸೇರಿಸಿಕೊಂಡು ಹಾಕುತ್ತಾರೆ; ಆ ಸುಂಕದ ಮೇಲೆ ಸಮಾಜ ಕಲ್ಯಾಣ ಮೇಲ್ತೆರಿಗೆ, ಇವೆಲ್ಲ ಕೂಡಿದ ಮೊತ್ತದ ಮೇಲೆ ಐಜಿಎಸ್‌ಟಿ. ಆದ್ದರಿಂದ ಯೂರೋ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಹಿಗ್ಗುವುದು ಬೇಡ. ನಾಲ್ಕು ಡ್ರೈವರುಗಳಿಗೇ ಲಕ್ಷದ ಆಸುಪಾಸು ಹೋಗುತ್ತದೆ. ಕ್ರಾಸ್‌ಓವರ್, ಸುಂಕ, ಹಲಗೆ, ಕೂಲಿ, ಬಣ್ಣ ಎಲ್ಲ ಸೇರಿದಾಗ ನನ್ನ ಲೆಕ್ಕ ಎರಡು ಲಕ್ಷವನ್ನು ದಾಟಿತು. ಶೋರೂಮಿನ ಜೋಡಿಯ ಬೆಲೆಯೂ ಅಷ್ಟೇ ಇತ್ತು. ಹಣ ಉಳಿಸಲೆಂದು ಕಿಟ್ ಕೊಳ್ಳುವವರು ಇದನ್ನು ಗಮನಿಸಬೇಕು.

ಹಾಗಾದರೆ ಆ ಹಣಕ್ಕೆ ದೊರೆತದ್ದೇನು? ನಾನು ಹೆಚ್ಚಾಗಿ ಕೇಳುವುದು ಹಿಂದುಸ್ತಾನಿ ಗಾಯನ ಮತ್ತು ಕರ್ನಾಟಕ ಸಂಗೀತದ ಕಛೇರಿಗಳು, ಅದೂ ರಾತ್ರಿ ಊಟವಾದ ಮೇಲೆ, ಪಕ್ಕದ ಕೋಣೆಯವರ ನಿದ್ದೆ ಕೆಡದಷ್ಟು ಮೆಲುದನಿಯಲ್ಲಿ. ಶೋರೂಮಿನಿಂದ ತಂದಿದ್ದ ಐದು ಕಾಲು ಇಂಚಿನ ಇಂಗ್ಲಿಷ್ ಜೋಡಿ ಕೋಣೆಯ ಯಾವ ಮೂಲೆಯಲ್ಲಿ ಕುಳಿತರೂ ಒಂದೇ ಸಮನೆ ಕೇಳುತ್ತಿತ್ತು. ಈ ಗುಣ ನನ್ನ ಕಿಟ್ಟಿಗಿಲ್ಲ, ಅದಕ್ಕೆ ಎದುರಿಗೇ ಕೂರಬೇಕು. ಆದರೆ ಮೆಲುದನಿಯಲ್ಲಿ ಆ ಜೋಡಿ ಮೃದಂಗದ ತೊಪ್ಪಿಯ ಗುಮುಕಿಯನ್ನು ಕೇವಲ ಸೂಚಿಸಿ ಸುಮ್ಮನಾಗುತ್ತಿತ್ತು. ಏಳು ಇಂಚಿನ ಊಫರಿನಲ್ಲಿ ಅಂಗೈ ಚರ್ಮವನ್ನು ಒತ್ತಿ ಜಾರಿಸಿದ್ದು, ಅದರಿಂದ ಸ್ವರ ಮೇಲೇರಿದ್ದು ಬಿಡಿಸಿ ಕೇಳಿಸುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣಗಳಲ್ಲಿ ಗಾಯನ ನಿಂತ ಕ್ಷಣ ತಂಬೂರಿಯ ಜವಾರಿ (ತಂತಿಯ ಝೇಂಕಾರ) ಮುಂದೆ ಬರುತ್ತದೆಯಲ್ಲ, ಅಲ್ಲಿ ಎಳೆಎಳೆ ಬೇರೆಯಾಗಿ ನಿಲ್ಲುವುದು ಕಿಟ್ಟಿನಲ್ಲಿ ಮಾತ್ರ. ಕೆಟ್ಟ ಧ್ವನಿಮುದ್ರಣದ ಕರಕರವನ್ನೂ ಅದು ಅಷ್ಟೇ ನಿರ್ದಾಕ್ಷಿಣ್ಯವಾಗಿ ತೋರಿಸುತ್ತದೆ. ಹಳೆಯ ಚಿತ್ರಗೀತೆಗಳಿಗೆ ಶೋರೂಮಿನ ಜೋಡಿಯೇ ಹಿತ.

ಆಕ್ಟಿವ್ ಮಾನಿಟರುಗಳು ಕೊಟ್ಟ ಹಣಕ್ಕೆ ನ್ಯಾಯ ಸಲ್ಲಿಸುವುದರಲ್ಲಿ ಎರಡನ್ನೂ ಮೀರಿಸುತ್ತವೆ, ಪ್ರತ್ಯೇಕ ಆಂಪ್ಲಿಫೈಯರಿನ ಖರ್ಚೂ ಇಲ್ಲ. ನನ್ನ ಮನೆಯಲ್ಲಿ ನಿಶ್ಶಬ್ದದಲ್ಲಿ ಅವುಗಳ ಸಣ್ಣ ಹಿಸ್ ಸದ್ದು ಕೇಳಿಸುತ್ತಿತ್ತು, ಒಂದೊಂದಕ್ಕೂ ಬೇರೆ ಪ್ಲಗ್ ಪಾಯಿಂಟ್ ಬೇಕಾಗುತ್ತಿತ್ತು. ಹಾಗಾಗಿ ಹಿಂದಿರುಗಿಸಿದೆ.

ಕಿಟ್ಟಿನ ವಿರುದ್ಧ ಇನ್ನೆರಡು ಮಾತುಗಳಿವೆ. ಕೊಳ್ಳುವ ಮುನ್ನ ಅದನ್ನು ಕೇಳಿನೋಡಲು ಸಾಧ್ಯವಿಲ್ಲ. ಮಾರಲು ಹೋದರೆ ಡ್ರೈವರುಗಳಿಗಷ್ಟೇ ಬೆಲೆ, ಪೆಟ್ಟಿಗೆಗೂ ನಮ್ಮ ದುಡಿಮೆಗೂ ಕಾಸಿಲ್ಲ. ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಯಲ್ಲಿದ್ದು, ಆಗಾಗ ಸಾಮಾನು ಕಟ್ಟುವವರು ಶೋರೂಮಿಗೇ ಹೋಗಲಿ. ಮೆಗ್ನೀಸಿಯಂ ಕೋನಿಗೆ ಸಾಮಾನು ಸಾಗಿಸುವವರ ಒಂದು ಹೆಬ್ಬೆರಳು ತಾಗಿದರೂ ಗುಳಿ ಶಾಶ್ವತ. ಕೈಯಲ್ಲಿ ಲಕ್ಷದೊಳಗಿನ ಹಣವಿದ್ದರೆ ಅಗ್ಗದ ಕಿಟ್ ಹುಡುಕದೆ ಆಕ್ಟಿವ್ ಮಾನಿಟರುಗಳನ್ನು ಕೊಳ್ಳುವುದು ಲೇಸು. ಸ್ವಂತ ಮನೆ, ಧೂಳೆಬ್ಬಿಸಲು ಒಂದು ಟೆರೇಸು, ಮಾತು ಕೇಳುವ ಬಡಗಿ ಮತ್ತು ಎರಡೂವರೆ ಲಕ್ಷ, ಇವು ನಾಲ್ಕೂ ಇದ್ದವರು ಕಿಟ್ ತರಿಸಲಿ. ಆದರೆ ಹಣ ಕಳಿಸುವ ಮೊದಲು ಮಾರುವವರಿಂದ ಪೆಟ್ಟಿಗೆಯ ನಕ್ಷೆಯನ್ನು ತರಿಸಿಕೊಂಡು, ಅದನ್ನು ಬಡಗಿಯ ಮುಂದೆ ಹರಡಿ, ಟ್ವೀಟರಿನ ತಗ್ಗನ್ನು ಹೇಗೆ ಮಾಡುತ್ತೀರಿ ಎಂದು ಕೇಳಲಿ.