ಅನುದಾನ ಹುಡುಕಾಟ: ದುಡ್ಡು ಕೊಟ್ಟ ಡೈರೆಕ್ಟರಿಗಿಂತ ಪುಕ್ಕಟೆ ಲೆಕ್ಕಪತ್ರವೇ ಮೇಲು

ಮಕ್ಕಳಿಗೆ ಓದುವ ಕೋಣೆ ನಡೆಸುವ ಸಣ್ಣ ಸಂಸ್ಥೆ ನಮ್ಮದು. ಹಣ ಹುಡುಕುವ ಕೆಲಸ ನನ್ನ ಪಾಲಿಗಿದೆ. ಬೇರೆ ಕೆಲಸ ಮುಗಿಸಿ ಸಂಜೆ ಕೂತು ಮಾಡಬೇಕು. ಕಳೆದ ವರ್ಷ ಒಂದು ಡೈರೆಕ್ಟರಿಗೆ ಇಡೀ ವರ್ಷದ ಚಂದಾ ಕಟ್ಟಿದೆವು. ಯಾವ ಫೌಂಡೇಶನ್ ಯಾವ ಕೆಲಸಕ್ಕೆ ಹಣ ಕೊಡುತ್ತದೆ ಅಂತ ಹುಡುಕಿಕೊಡುವ ತಾಣ ಅದು. ಅದರ ಜೊತೆಗೇ ಪುಕ್ಕಟೆ ದಾರಿಗಳನ್ನೂ ಒಂದೊಂದಾಗಿ ನೋಡಿದೆ. ಈಗ ಚಂದಾ ಮುಗಿದಿದೆ, ಮತ್ತೆ ಕಟ್ಟುವುದಿಲ್ಲ. ದಾನಿಗಳು ತಾವೇ ಸರ್ಕಾರಕ್ಕೆ ಸಲ್ಲಿಸುವ ಲೆಕ್ಕಪತ್ರ ಓದಿ ಹುಡುಕುವುದೇ ನನಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. ಯಾಕೆ ಅನ್ನುವುದನ್ನು ವಿವರವಾಗಿ ಹೇಳುತ್ತೇನೆ.

ಡೈರೆಕ್ಟರಿಯಲ್ಲಿ ಒಳ್ಳೆಯದೂ ಇದೆ. ಹುಡುಕಾಟ ಬೇಗ ಆಗುತ್ತದೆ. ಕೊನೆಯ ದಿನಾಂಕ ಹತ್ತಿರ ಬಂದರೆ ಮೇಲ್ ಬರುತ್ತದೆ. ಪಟ್ಟಿ ಮಾಡಿಟ್ಟು ತಂಡದವರ ಜೊತೆ ಹಂಚಿಕೊಳ್ಳಬಹುದು. ನೋಡಲೂ ಅಚ್ಚುಕಟ್ಟು.

ತೊಂದರೆ ಇರುವುದು ಅದು ತೋರಿಸುವ ಹೆಸರುಗಳಲ್ಲಿ. 'ಮಕ್ಕಳು', 'ಶಿಕ್ಷಣ', 'ಗ್ರಂಥಾಲಯ' ಅಂತ ಹಾಕಿ ಹುಡುಕಿದರೆ ಉದ್ದದ ಪಟ್ಟಿ ಬರುತ್ತಿತ್ತು. ಪ್ರತಿಯೊಂದರ ಪಕ್ಕದಲ್ಲೂ ನಮಗೆ ಎಷ್ಟು ಹೊಂದುತ್ತದೆ ಅನ್ನುವ ಗುರುತು. ಅದನ್ನು ನಂಬಿ ಒಂದೊಂದೇ ಫೌಂಡೇಶನ್‌ನ ಸ್ವಂತ ತಾಣಕ್ಕೆ ಹೋಗಿ ಓದುತ್ತಾ ಹೋದರೆ, ಎಲ್ಲೋ ಕೊನೆಯ ಪುಟದಲ್ಲಿ ಒಂದು ಸಾಲು: ನಾವಾಗಿ ಕರೆದವರಿಂದ ಮಾತ್ರ ಪ್ರೊಪೋಸಲ್ ತೆಗೆದುಕೊಳ್ಳುತ್ತೇವೆ. ಅಷ್ಟು ಹೊತ್ತು ಓದಿದ್ದೆಲ್ಲ ವ್ಯರ್ಥ. ಹೀಗೆ ಬಾಗಿಲು ಮುಚ್ಚಿದವರೇ ಆ ಪಟ್ಟಿಯಲ್ಲಿ ಜಾಸ್ತಿ ಇದ್ದರು. ಅವರನ್ನು ಬೇರೆ ಮಾಡಿ ತೆಗೆಯುವ ಫಿಲ್ಟರ್ ನಾವು ತೆಗೆದುಕೊಂಡ ಪ್ಲಾನ್‌ನಲ್ಲಿ ಇರಲಿಲ್ಲ. ದುಬಾರಿ ಪ್ಲಾನ್‌ನಲ್ಲಿ ಇದೆಯಂತೆ. ಸಣ್ಣ ಸಂಸ್ಥೆಗೆ ಮೊದಲು ಬೇಕಾದದ್ದೇ ಅದು, ಅಲ್ವಾ? ಕೇಳಬಹುದಾ ಇಲ್ಲವಾ ಅನ್ನುವುದು ತಿಳಿಯದೆ ಉಳಿದದ್ದೆಲ್ಲ ತಿಳಿದು ಏನು ಪ್ರಯೋಜನ?

ಆ ಗೋಡೆ ದಾಟಿದರೆ ಇನ್ನೊಂದು. 'ಎಲ್ಲ ದೇಶದವರೂ ಅರ್ಜಿ ಹಾಕಬಹುದು' ಅಂತ ಡೈರೆಕ್ಟರಿ ಬರೆದಿರುತ್ತಿತ್ತು. ಫಾರ್ಮ್ ತುಂಬುತ್ತಾ ಹೋದರೆ ಅರ್ಧದಲ್ಲಿ ನಿಜವಾದ ಷರತ್ತು ಕಾಣುತ್ತದೆ. ಮೂರು ವರ್ಷದ ಆಡಿಟ್ ರಿಪೋರ್ಟ್ ಬೇಕು. ವಾರ್ಷಿಕ ಬಜೆಟ್ ಇಷ್ಟಕ್ಕಿಂತ ಮೇಲಿರಬೇಕು. ಅಮೆರಿಕದ 501(ಸಿ)(3) ಮಾನ್ಯತೆ, ಅಂದರೆ ತೆರಿಗೆ ವಿನಾಯಿತಿ ಇರುವ ದತ್ತಿ ಸಂಸ್ಥೆ ಅನ್ನುವ ಮಾನ್ಯತೆ ಇರಬೇಕು, ಇಲ್ಲವಾದರೆ ಆ ಮಾನ್ಯತೆ ಇರುವ ಸಂಸ್ಥೆಯ ಮೂಲಕ ಬರಬೇಕು. ಈ ಕೊನೆಯ ಷರತ್ತಿನ ಹಿಂದೆ ಒಂದು ಕಾರಣ ಇದೆ. ಅಮೆರಿಕದ ಖಾಸಗಿ ಫೌಂಡೇಶನ್ ಹೊರದೇಶದ ಸಂಸ್ಥೆಗೆ ನೇರವಾಗಿ ಹಣ ಕೊಡಬೇಕಾದರೆ, ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡಬೇಕು. ಆ ಸಂಸ್ಥೆ ಅಮೆರಿಕದ ಸಾರ್ವಜನಿಕ ದತ್ತಿ ಸಂಸ್ಥೆಗೆ ಸಮ ಅಂತ ದಾಖಲೆಗಳ ಮೂಲಕ ಖಚಿತ ಮಾಡಿಕೊಳ್ಳಬೇಕು. ಇಲ್ಲವೇ ಕೊಟ್ಟ ಹಣ ಹೇಗೆ ಖರ್ಚಾಯಿತು ಅಂತ ತಾನೇ ನಿಗಾ ಇಟ್ಟು ತೆರಿಗೆ ಇಲಾಖೆಗೆ ವರದಿ ಕೊಡಬೇಕು. ಎರಡಕ್ಕೂ ಜನ ಬೇಕು, ವಕೀಲರು ಬೇಕು. ಮೂರ್ನಾಲ್ಕು ಜನ ಸೇರಿ ನಡೆಸುವ ಫೌಂಡೇಶನ್‌ಗೆ ಇದು ಆಗುವ ಮಾತಲ್ಲ. ಆದ್ದರಿಂದ ಅವರ ಧ್ಯೇಯ ಎಷ್ಟೇ ವಿಶಾಲವಾಗಿದ್ದರೂ ಹಣ ಮಾತ್ರ ಊರೊಳಗೇ ಉಳಿಯುತ್ತದೆ. ನಮ್ಮ ಡೈರೆಕ್ಟರಿಯಲ್ಲಿ ಇದರ ಸುಳಿವೇ ಇರಲಿಲ್ಲ. ಹಣ ಪಡೆಯುವ ಕಡೆಯ ಕಾನೂನೂ ಇದೆ. ಭಾರತದಲ್ಲಾದರೆ 2010ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆಯ ಪ್ರಕಾರ ನೋಂದಣಿಯೋ ಮುಂಚಿತ ಅನುಮತಿಯೋ ಇಲ್ಲದೆ ವಿದೇಶಿ ದೇಣಿಗೆ ಮುಟ್ಟುವ ಹಾಗಿಲ್ಲ. ಆ ಪ್ರಶ್ನೆಯೂ ಅಲ್ಲಿ ಎಲ್ಲೂ ಬರುವುದಿಲ್ಲ.

ಮೂರನೆಯದು ಮೊತ್ತ. ಡೈರೆಕ್ಟರಿ 'ಇಷ್ಟರಿಂದ ಇಷ್ಟರವರೆಗೆ' ಅಂತ ಒಂದು ವ್ಯಾಪ್ತಿ ತೋರಿಸುತ್ತದೆ. ಮೇಲಿನ ತುದಿ ನೋಡಿ ಆಸೆ ಹುಟ್ಟುತ್ತದೆ. ಆದರೆ ಆ ದೊಡ್ಡ ಮೊತ್ತ ಬಹಳ ಸಲ ಒಂದು ವಿಶ್ವವಿದ್ಯಾಲಯಕ್ಕೋ ಆಸ್ಪತ್ರೆಗೋ ಒಮ್ಮೆ ಕೊಟ್ಟದ್ದು. ಉಳಿದವರಿಗೆ ಸಿಕ್ಕಿದ್ದು ಅದರ ಸಣ್ಣ ಚೂರು.

ಈಗ ನನ್ನ ಮೆಚ್ಚಿನ ದಾರಿಗೆ ಬರುತ್ತೇನೆ. ಅಮೆರಿಕದ ಪ್ರತಿಯೊಂದು ಖಾಸಗಿ ಫೌಂಡೇಶನ್ ವರ್ಷಕ್ಕೊಮ್ಮೆ ಫಾರ್ಮ್ 990-ಪಿಎಫ್ ಅನ್ನುವ ಲೆಕ್ಕಪತ್ರ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ. ಆ ವರ್ಷ ಯಾರಿಗೆ, ಎಷ್ಟು, ಯಾವ ಉದ್ದೇಶಕ್ಕೆ ಕೊಟ್ಟರು ಅನ್ನುವ ಪಟ್ಟಿ ಅದರಲ್ಲೇ ಇರುತ್ತದೆ. ನಾನು ಮೇಲೆ ಗೋಳಾಡಿದೆನಲ್ಲ, ಅದಕ್ಕೂ ಉತ್ತರ ಇದೆ. 'ಮೊದಲೇ ಆರಿಸಿಕೊಂಡ ಸಂಸ್ಥೆಗಳಿಗೆ ಮಾತ್ರ ಕೊಡುತ್ತೇವೆ, ಕೇಳದೆ ಬಂದ ಅರ್ಜಿ ಸ್ವೀಕರಿಸುವುದಿಲ್ಲ' ಅನ್ನುವವರು ಗುರುತು ಹಾಕಬೇಕಾದ ಚೌಕ ಆ ಫಾರ್ಮ್‌ನಲ್ಲೇ ಇದೆ. ಗುರುತು ಬಿದ್ದಿದ್ದರೆ ಸುಮ್ನೆ ಮುಂದಿನದಕ್ಕೆ ಹೋಗುತ್ತೇನೆ. ಒಂದು ನಿಮಿಷದ ಕೆಲಸ. ಪ್ರೊಪಬ್ಲಿಕಾ ಸುದ್ದಿಸಂಸ್ಥೆ 2013ರಲ್ಲಿ ಶುರು ಮಾಡಿದ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್‌ನಲ್ಲಿ ಈ ಫಾರ್ಮ್‌ಗಳು ಪುಕ್ಕಟೆ ಸಿಗುತ್ತವೆ. ಆನ್‌ಲೈನಲ್ಲಿ ಸಲ್ಲಿಸಿದ ಫಾರ್ಮ್‌ಗಳ ಒಳಗಿನ ಪದಗಳನ್ನೂ ಅಲ್ಲಿ ಹುಡುಕಬಹುದು.

ಈ ಒಳಪದದ ಹುಡುಕಾಟವೇ ನನ್ನ ಕೆಲಸದ ರೀತಿ ಬದಲಿಸಿತು. ಮೊದಲು ವಿಷಯ ಹಾಕಿ ಹುಡುಕುತ್ತಿದ್ದೆ. ಈಗ ನಮ್ಮ ಹಾಗೇ ಕೆಲಸ ಮಾಡುವ, ನಮಗಿಂತ ಸ್ವಲ್ಪ ದೊಡ್ಡ ಸಂಸ್ಥೆಗಳ ಹೆಸರು ಹಾಕಿ ಹುಡುಕುತ್ತೇನೆ. ಅವರಿಗೆ ಯಾರು ಕೊಟ್ಟಿದ್ದಾರೋ ಅವರಿಗೆ ನಮ್ಮ ಕೆಲಸ ಅರ್ಥ ಮಾಡಿಸಬೇಕಾಗಿಲ್ಲ. ಆ ಸಂಸ್ಥೆಗಳ ವಾರ್ಷಿಕ ವರದಿಯ ಹಿಂದಿನ ಪುಟಗಳಲ್ಲಿ ದಾನಿಗಳಿಗೆ ಧನ್ಯವಾದ ಹೇಳಿರುತ್ತಾರೆ. ಅಲ್ಲಿಂದ ಹೆಸರು ತೆಗೆದುಕೊಂಡು ಲೆಕ್ಕಪತ್ರದಲ್ಲಿ ತಾಳೆ ನೋಡುತ್ತೇನೆ. ಕೊಟ್ಟವರು ಸಮುದಾಯ ಫೌಂಡೇಶನ್ (ಒಂದು ಪ್ರದೇಶದ ಹಲವರ ದೇಣಿಗೆ ಕೂಡಿಸಿ ಹಂಚುವ ಸಂಸ್ಥೆ) ಆಗಿದ್ದರೆ ಅವರ ಫಾರ್ಮ್ ಬೇರೆ. ಅದು 990, ದೇಶದೊಳಗಿನ ಅನುದಾನದ ಪಟ್ಟಿ ಅದರ 'ಶೆಡ್ಯೂಲ್ ಐ' ಅನ್ನುವ ಅನುಬಂಧದಲ್ಲಿ ಇರುತ್ತದೆ.

ಬ್ರಿಟನ್ನಿನ ದಾನಿಗಳಾದರೆ ಇನ್ನೂ ಸುಲಭ. 360ಗಿವಿಂಗ್ ಅನ್ನುವ ಸಂಸ್ಥೆ ಅನುದಾನದ ವಿವರವನ್ನು ಎಲ್ಲರೂ ಒಂದೇ ರೀತಿಯಲ್ಲಿ ಪ್ರಕಟಿಸಲಿ ಅಂತ ಒಂದು ಮಾದರಿ ಮಾಡಿದೆ. 200ಕ್ಕೂ ಹೆಚ್ಚು ದಾನಿಗಳು ಅದರ ಪ್ರಕಾರ ತಮ್ಮ ಪಟ್ಟಿ ಕೊಡುತ್ತಾರೆ. 360ಗಿವಿಂಗ್‌ನ ಗ್ರಾಂಟ್‌ನ್ಯಾವ್ ತಾಣದಲ್ಲಿ ಹುಡುಕಿ, ಬಂದದ್ದನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು. ದುಡ್ಡು ಬೇಡ, ಲಾಗಿನ್ ಕೂಡ ಬೇಡ. ಇದು ದಾನಿಗಳು ಸ್ವಂತ ಇಷ್ಟದಿಂದ ಕೊಡುವ ಮಾಹಿತಿ, ಹಾಗಾಗಿ ಎಲ್ಲ ದಾನಿಗಳೂ ಅಲ್ಲಿ ಇರುವುದಿಲ್ಲ. ಆದರೆ ಇರುವವರ ವಿವರ ಚೊಕ್ಕವಾಗಿದೆ.

ಪಟ್ಟಿ ಕೈಗೆ ಬಂದ ಮೇಲೆ ನಾನು ಮುಖ್ಯವಾಗಿ ನೋಡುವುದು ಹೊಸ ಹೆಸರುಗಳನ್ನು. ಒಂದೇ ಫೌಂಡೇಶನ್‌ನ ಎರಡು ಮೂರು ವರ್ಷದ ಪಟ್ಟಿ ಪಕ್ಕ ಪಕ್ಕ ಇಡುತ್ತೇನೆ. ಪ್ರತಿ ವರ್ಷ ಅವೇ ಸಂಸ್ಥೆಗಳು, ಹೆಚ್ಚುಕಡಿಮೆ ಅದೇ ಮೊತ್ತ ಬಂದಿದ್ದರೆ, ಚೌಕದಲ್ಲಿ ಗುರುತು ಇಲ್ಲದಿದ್ದರೂ ಆ ಬಾಗಿಲು ಮುಚ್ಚಿದ್ದೇ. ಪ್ರತಿ ವರ್ಷ ಕೆಲವಾದರೂ ಹೊಸಬರು ಇದ್ದರೆ, ಅವರಲ್ಲಿ ಸಣ್ಣವರೂ ಇದ್ದರೆ, ಅಲ್ಲಿ ನಿಂತು ಓದುತ್ತೇನೆ. ಆಮೇಲೆ ಮೊತ್ತಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ ನಟ್ಟನಡುವೆ ಬರುವುದನ್ನು ನೋಡುತ್ತೇನೆ. ಹೊಸಬರಿಗೆ ಮೊದಲ ವರ್ಷ ಎಷ್ಟು ಕೊಟ್ಟಿದ್ದಾರೆ ಅಂತಲೂ ನೋಡುತ್ತೇನೆ. ನಾವು ಕೇಳಬೇಕಾದ ಮೊತ್ತ ಅಲ್ಲೇ ಸಿಗುತ್ತದೆ.

ಉದ್ದೇಶದ ಕಾಲಂ ಓದುವುದೂ ಮುಖ್ಯ. ಈಗ ನಮ್ಮ ಪುಸ್ತಕಗಳ ಖರ್ಚು ನೋಡಿಕೊಳ್ಳುತ್ತಿರುವ ಫೌಂಡೇಶನ್ ಡೈರೆಕ್ಟರಿಯಲ್ಲೂ ಇತ್ತು. ಆದರೆ ಅಲ್ಲಿ ಅದಕ್ಕೆ ಕೊಟ್ಟಿದ್ದ ವಿಷಯ 'ಆರೋಗ್ಯ' ಮಾತ್ರ, ಯಾಕೆಂದರೆ ಫೌಂಡೇಶನ್ ತನ್ನ ಧ್ಯೇಯದಲ್ಲಿ ಹಾಗೆ ಬರೆದುಕೊಂಡಿದೆ. ಅವರು ಕೊಟ್ಟ ಹಣದ ಪಟ್ಟಿಯಲ್ಲಿ ಮಾತ್ರ ಮಕ್ಕಳ ಓದು, ಸಂಚಾರಿ ಗ್ರಂಥಾಲಯ, ಕಥೆ ಹೇಳುವ ಕಾರ್ಯಕ್ರಮ ಎಲ್ಲ ಇತ್ತು. ವರ್ಷವಿಡೀ ಡೈರೆಕ್ಟರಿಯಲ್ಲಿ 'ಶಿಕ್ಷಣ' ಅಂತ ಹುಡುಕಿದ್ದರೂ ಆ ಹೆಸರು ಬರುತ್ತಿರಲಿಲ್ಲ.

ಈ ದಾರಿಯ ದೊಡ್ಡ ಕೊರತೆ ಮಾಹಿತಿ ಹಳೆಯದು ಅನ್ನುವುದು. ಡಿಸೆಂಬರ್‌ಗೆ ಲೆಕ್ಕ ಮುಗಿಸುವ ಫೌಂಡೇಶನ್ ಮೇ ತಿಂಗಳೊಳಗೆ ಫಾರ್ಮ್ ಕೊಡಬೇಕು, ಆದರೆ ನವೆಂಬರ್‌ವರೆಗೆ ಮುಂದೂಡಬಹುದು. ಅದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಕಳೆದಿರುತ್ತದೆ. ಕೊನೆಯ ದಿನಾಂಕಕ್ಕಾಗಿ ಫೌಂಡೇಶನ್‌ನ ತಾಣಕ್ಕೇ ಹೋಗಬೇಕು. ಎಲ್ಲ ದೇಶದಲ್ಲೂ ಇಂಥ ದಾಖಲೆ ಬಯಲಲ್ಲಿ ಸಿಗುವುದೂ ಇಲ್ಲ. ಸಿಗದ ಕಡೆ ವಾರ್ಷಿಕ ವರದಿಗಳೇ ಗತಿ. ಸಮಯ ಹಿಡಿಯುತ್ತದೆ, ಒಪ್ಪುತ್ತೇನೆ. ಆದರೆ ಆ ಸಮಯ ಕಳೆದ ಮೇಲೆ ಕೈಯಲ್ಲಿ ಉಳಿಯುವುದು ನಿಜವಾಗಿ ಕೇಳಬಹುದಾದ ಹೆಸರುಗಳು.

ಪುಕ್ಕಟೆ ಮೇಲ್ ಪಟ್ಟಿಗಳು, ಉದಾಹರಣೆಗೆ ಫಂಡ್ಸ್‌ಫಾರ್‌ಎನ್‌ಜಿಒಸ್ ಥರದ್ದು, ಹೊಸ ಕರೆ ಬಂದಾಗ ತಿಳಿಯಲು ಸಾಕು. ಒಂದು ಬೇರೆ ಮೇಲ್ ಐಡಿ ಮಾಡಿ ಅದಕ್ಕೆ ಬರುವ ಹಾಗೆ ಮಾಡಿದ್ದೇನೆ. ವಾರಕ್ಕೊಮ್ಮೆ ತೆರೆದು ಶೀರ್ಷಿಕೆ ಮಾತ್ರ ನೋಡುತ್ತೇನೆ. ಅಲ್ಲಿ ಬರುವ ಕರೆಗಳು ಸಾವಿರಾರು ಜನಕ್ಕೆ ಒಟ್ಟಿಗೆ ಹೋಗುತ್ತವೆ, ಪೈಪೋಟಿ ಜಾಸ್ತಿ.

ಸರ್ಕಾರಿ ಪೋರ್ಟಲ್‌ಗಳ ಮಾಹಿತಿ ನಂಬಬಹುದು, ದಿನಾಂಕ ಸರಿ ಇರುತ್ತದೆ. ಆದರೆ ಬಾಗಿಲಲ್ಲೇ ಕಾಗದದ ಕೆಲಸ. ಅಮೆರಿಕ ಸರ್ಕಾರದ ಅನುದಾನಗಳ ತಾಣ ಗ್ರಾಂಟ್ಸ್ ಡಾಟ್ ಗವ್‌ನಲ್ಲಿ ಹುಡುಕಲು ಏನೂ ಬೇಡ, ಸಂಸ್ಥೆಯಾಗಿ ಅರ್ಜಿ ಹಾಕಬೇಕಾದರೆ ಅದೇ ಸರ್ಕಾರದ ನೋಂದಣಿ ತಾಣ ಸ್ಯಾಮ್ ಡಾಟ್ ಗವ್‌ನಲ್ಲಿ ನೋಂದಣಿ ಬೇಕು. 2022ರ ಏಪ್ರಿಲ್‌ನಿಂದ ಸಂಸ್ಥೆಯನ್ನು ಗುರುತಿಸುವ ಹಳೆಯ ಡನ್ಸ್ ಸಂಖ್ಯೆಯ ಜಾಗದಲ್ಲಿ ಯುಇಐ ಅನ್ನುವ ಹೊಸ ಗುರುತು ಬಂದಿದೆ. ನೋಂದಣಿ ವರ್ಷಕ್ಕೊಮ್ಮೆ ನವೀಕರಿಸಬೇಕು. ಇದಕ್ಕೆಲ್ಲ ಶುಲ್ಕ ಇಲ್ಲ, ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಐರೋಪ್ಯ ಒಕ್ಕೂಟದ ಪೋರ್ಟಲ್‌ನಲ್ಲಿ ಸಂಸ್ಥೆಗೆ ಪಿಐಸಿ ಅನ್ನುವ 9 ಅಂಕಿಯ ಗುರುತಿನ ಸಂಖ್ಯೆ ಬೇಕು. ಒಕ್ಕೂಟದ ಸಂಶೋಧನಾ ನಿಧಿ ಹೊರೈಜನ್ ಯುರೋಪ್‌ನ ಹೆಚ್ಚಿನ ಯೋಜನೆಗಳಿಗೆ ಕನಿಷ್ಠ ಮೂರು ದೇಶಗಳ ಮೂರು ಸಂಸ್ಥೆಗಳು ಸೇರಿ ಬರಬೇಕು. ಕಚೇರಿ ಸಿಬ್ಬಂದಿ ಇರುವವರಿಗೆ ಇದು ಸರಿ. ಓದುವ ಕೋಣೆಯ ಕಪಾಟಿಗೆ ಹಣ ಬೇಕಾದವರಿಗೆ ಭಾರ.

ಇನ್ನು 'ಅನುದಾನ ತಂದುಕೊಡುತ್ತೇವೆ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ' ಅನ್ನುವವರು. ನಮಗೂ ಫೋನ್ ಬಂದಿತ್ತು, ಆಗಲೇ ಬೇಡ ಅಂದೆವು. ಕಮಿಷನ್ ಮೇಲೆ ಕೆಲಸ ಮಾಡುವುದನ್ನು ಈ ವೃತ್ತಿಯವರ ಸಂಘಗಳಾದ ಗ್ರಾಂಟ್ ಪ್ರೊಫೆಷನಲ್ಸ್ ಅಸೋಸಿಯೇಷನ್ ಮತ್ತು ಅಸೋಸಿಯೇಷನ್ ಆಫ್ ಫಂಡ್‌ರೈಸಿಂಗ್ ಪ್ರೊಫೆಷನಲ್ಸ್ ಎರಡರ ನೀತಿ ಸಂಹಿತೆಯೂ ಬಹಳ ಕಾಲ ಒಪ್ಪುತ್ತಿರಲಿಲ್ಲ. ಮಕ್ಕಳ ಪುಸ್ತಕಕ್ಕೆ ಅಂತ ಕೊಟ್ಟ ಹಣದಲ್ಲಿ ಯಾರದೋ ಪಾಲು ತೆಗೆದಿಟ್ಟು ದಾನಿಗೆ ಲೆಕ್ಕ ಹೇಗೆ ತೋರಿಸುವುದು? ಪ್ರೊಪೋಸಲ್ ಬರೆಯಲು ಸಹಾಯ ಬೇಕಾದರೆ ಕೆಲಸಕ್ಕೆ ಇಷ್ಟು ಅಂತ ಮೊದಲೇ ಗೊತ್ತುಮಾಡಿಕೊಂಡು ಕೊಡಿ.

ಹಾಗಾದರೆ ಡೈರೆಕ್ಟರಿ ಯಾರಿಗೂ ಬೇಡವೇ? ನಾನು ಹಾಗೆ ಹೇಳುವುದಿಲ್ಲ. ಅನುದಾನದ ಕೆಲಸಕ್ಕೇ ಅಂತ ಒಬ್ಬರನ್ನು ಇಟ್ಟುಕೊಂಡಿರುವ, ವರ್ಷವಿಡೀ ಅರ್ಜಿ ಹಾಕುತ್ತಲೇ ಇರುವ ಸಂಸ್ಥೆಗೆ ದುಬಾರಿ ಪ್ಲಾನ್ ಕೂಡ ಗಿಟ್ಟಬಹುದು. ಕೊಳ್ಳುವ ಮೊದಲು ಟ್ರಯಲ್ ಅವಧಿಯಲ್ಲಿ ಎರಡು ವಿಷಯ ನೋಡಿಕೊಳ್ಳಿ. ಕರೆಯದೆ ಅರ್ಜಿ ತೆಗೆದುಕೊಳ್ಳದವರನ್ನು ಪಟ್ಟಿಯಿಂದ ತೆಗೆಯಲು ಆಗುತ್ತದಾ? ಹಣ ಪಡೆದವರ ಹೆಸರು ಹಾಕಿ ಹುಡುಕಲು ಆಗುತ್ತದಾ? ಎರಡಕ್ಕೂ ಹೌದು ಅಂತ ಬಂದರೆ ಮಾತ್ರ ಯೋಚಿಸಿ. ದೊಡ್ಡ ಡೈರೆಕ್ಟರಿಯನ್ನು ಪುಕ್ಕಟೆ ನೋಡುವ ದಾರಿಯೂ ಇದೆ. ಅಮೆರಿಕದಲ್ಲಿ ದಾನಿಗಳ ಮಾಹಿತಿ ಕೂಡಿಸುತ್ತಿದ್ದ, 1956ರಲ್ಲಿ ಶುರುವಾದ ಫೌಂಡೇಶನ್ ಸೆಂಟರ್ 2019ರಲ್ಲಿ ಗೈಡ್‌ಸ್ಟಾರ್ ಜೊತೆ ಸೇರಿ ಕ್ಯಾಂಡಿಡ್ ಆಯಿತು. ಕ್ಯಾಂಡಿಡ್‌ನ ದಾನಿಗಳ ಮಾಹಿತಿಯನ್ನು ಅವರ ಜೊತೆ ಕೈಜೋಡಿಸಿರುವ ಗ್ರಂಥಾಲಯಗಳಲ್ಲಿ ಕೂತು ಚಂದಾ ಇಲ್ಲದೆ ನೋಡಬಹುದು. ಹತ್ತಿರದಲ್ಲಿ ಅಂಥದ್ದು ಇದ್ದರೆ ಮೊದಲು ಅಲ್ಲಿಗೆ ಹೋಗಿ.

ನಮ್ಮ ಮಟ್ಟಿಗೆ ಈಗಿನ ರೂಢಿ ಇಷ್ಟು: ವಾರಕ್ಕೊಂದು ಸಂಜೆ ಲೆಕ್ಕಪತ್ರ ಓದು, ಮೇಲ್ ಪಟ್ಟಿಯ ಮೇಲೆ ಒಂದು ಕಣ್ಣು. ಬಾಗಿಲು ತೆರೆದಿರುವ ಫೌಂಡೇಶನ್ ಸಿಕ್ಕಿದರೆ ಪ್ರೊಪೋಸಲ್‌ಗೆ ಮುಂಚೆ ಅವರಿಗೆ ಒಂದು ಚಿಕ್ಕ ಪತ್ರ. ಅದರಲ್ಲಿ ಅವರು ಹಿಂದೆ ಹಣ ಕೊಟ್ಟ ಯಾವ ಕೆಲಸ ನಮ್ಮದನ್ನು ಹೋಲುತ್ತದೆ ಅಂತ ಬರೆಯುತ್ತೇನೆ. ಚಂದಾಕ್ಕೆ ತೆಗೆದಿಟ್ಟಿದ್ದ ಹಣವನ್ನು ಸಮಿತಿಯವರು ಈ ಸಲ ಆಡಿಟ್ ಖರ್ಚಿಗೆ ಕೊಟ್ಟರು. ಮೂರು ವರ್ಷದ ಆಡಿಟ್ ರಿಪೋರ್ಟ್ ಕೇಳುವವರಿಗೆ ಕೊಡಲು ಅದು ಬೇಕೇ ಬೇಕು.