ಜಾಕ್ ರಸಲ್, ಪಾರ್ಸನ್ ರಸಲ್, ಕೆಲಸದ ರಸಲ್: ಮೂರನ್ನೂ ಪಕ್ಕಪಕ್ಕ ನಿಲ್ಲಿಸಿದಾಗ

ರಸಲ್ ಟೆರಿಯರ್ ಅಂದರೆ 25 ಸೆಂ.ಮೀ. ಎತ್ತರದ ಗಿಡ್ಡ ನಾಯಿಯೂ ಹೌದು, 36 ಸೆಂ.ಮೀ. ಎತ್ತರದ ಉದ್ದಗಾಲಿನ ನಾಯಿಯೂ ಹೌದು. ಮೂರೂ ಬಗೆಯನ್ನು ಸಾಕಿ, ಅಳೆದು, ಓಡಿಸಿ ನೋಡಿದ ಮೇಲೆ ನಮಗನ್ನಿಸಿದ್ದು: ಎತ್ತರಕ್ಕಿಂತ ಆ ಎತ್ತರ ಎಲ್ಲಿಂದ ಬಂತು ಅನ್ನುವುದೇ ಮುಖ್ಯ.

ಮೊದಲು ಕಾಗದದ ಲೆಕ್ಕ. ನಾಯಿ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಪ್ರಕಾರ ಜಾಕ್ ರಸಲ್‌ನ ಭುಜದೆತ್ತರ 25–30 ಸೆಂ.ಮೀ. ಪ್ರತಿ 5 ಸೆಂ.ಮೀ.ಗೆ 1 ಕೆ.ಜಿ. ತೂಕ, ಅಂದರೆ 25ಕ್ಕೆ 5, 30ಕ್ಕೆ 6 ಕೆ.ಜಿ. ಮೈ ಎತ್ತರಕ್ಕಿಂತ ತುಸು ಉದ್ದ. ಪಾರ್ಸನ್‌ಗೆ ಗಂಡು 36, ಹೆಣ್ಣು 33 ಸೆಂ.ಮೀ. ಆದರ್ಶ, ಪಕ್ಕದಿಂದ ನೋಡಿದರೆ ಮೈ ಹೆಚ್ಚುಕಡಿಮೆ ಚೌಕ. ಕೆಲಸದ, ಅಂದರೆ ಬೇಟೆಗೆ ಬಳಸುವ, ನಾಯಿಗಳನ್ನು ನೋಂದಾಯಿಸುವ ಅಮೆರಿಕದ ಜಾಕ್ ರಸಲ್ ಕ್ಲಬ್ಬು 10ರಿಂದ 15 ಇಂಚಿನವರೆಗೂ ಒಪ್ಪುತ್ತದೆ. ಹಳೇ ವಂಶಾವಳಿ ಓದುವಾಗ ಒಂದು ಎಚ್ಚರಿಕೆ ಬೇಕು. ಅಮೆರಿಕನ್ ಕೆನಲ್ ಕ್ಲಬ್ 1997ರಲ್ಲಿ ‘ಜಾಕ್ ರಸಲ್’ ಎಂದು ಸೇರಿಸಿಕೊಂಡದ್ದು ಉದ್ದಗಾಲಿನ ನಾಯಿಯನ್ನು. 2003ರಲ್ಲಿ ಅದಕ್ಕೆ ಪಾರ್ಸನ್ ಎಂದು ಹೆಸರು ಬದಲಿಸಿತು. ಬ್ರಿಟನ್ನಿನ ಕೆನಲ್ ಕ್ಲಬ್ ಪಾರ್ಸನ್ನನ್ನು 1990ರಲ್ಲೂ ಗಿಡ್ಡ ಜಾಕ್ ರಸಲನ್ನು 2016ರಲ್ಲೂ ಮಾನ್ಯ ಮಾಡಿತು. ಹಾಗಾಗಿ ಕಾಗದದ ಮೇಲಿನ ಹೆಸರಿಗಿಂತ ಇಸವಿ ಮತ್ತು ಸಂಸ್ಥೆ ನೋಡುವುದು ಕ್ಷೇಮ.

ಮೂಲ ಮಾತ್ರ ಒಂದೇ. ಇಂಗ್ಲೆಂಡಿನ ಡೆವನ್‌ನ ಪಾದ್ರಿ ಜಾನ್ ರಸಲ್ (1795–1883) ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಹಾಲು ಮಾರುವವನೊಬ್ಬನಿಂದ ಟ್ರಂಪ್ ಎಂಬ ಹೆಣ್ಣು ನಾಯಿ ಕೊಂಡರು. ಬಿಳಿ ಮೈ, ಕಣ್ಣು-ಕಿವಿಯ ಮೇಲೆ ಕಂದು, ಬಾಲದ ಬುಡದಲ್ಲಿ ನಾಣ್ಯದಷ್ಟು ಮಚ್ಚೆ. ಅವರಿಗೆ ಬೇಕಿದ್ದುದು ಕುದುರೆಗಳ ಜೊತೆ ಓಡಿ, ನರಿಯ ಬಿಲಕ್ಕೆ ನುಗ್ಗುವ ನಾಯಿ. ಓಟಕ್ಕೆ ಕಾಲು ಉದ್ದ ಬೇಕು, ಬಿಲಕ್ಕೆ ಎದೆ ಕಿರಿದಾಗಿರಬೇಕು. ಹಾಗಾಗಿ ಹೆಣ್ಣು ನರಿಯ ಗಾತ್ರ, ಸುಮಾರು 14 ಇಂಚು. ಇಂದಿನ ಪಾರ್ಸನ್ ಇದಕ್ಕೇ ಹತ್ತಿರ. ಗಿಡ್ಡ ಕಾಲು ಆಮೇಲೆ ಬಂತು. ಬಿಲದಲ್ಲಿ ವಾಸಿಸುವ ಬ್ಯಾಜರ್ ಎಂಬ ಪ್ರಾಣಿಯನ್ನು ಅಗೆದು ಹಿಡಿಯುವವರಿಗೆ ಓಟ ಬೇಕಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಬೇಟೆ ಕಡಿಮೆಯಾಗಿ, ಕಾರ್ಗಿ, ಡ್ಯಾಶ್‌ಹೌಂಡ್‌ಗಳಂಥ ಗಿಡ್ಡ ಕಾಲಿನ ತಳಿಗಳ ಜೊತೆಗೂ ಬೆರೆಸಿದರು.

ಇಲ್ಲೇ ಇರುವುದು ವಿಷಯದ ತಿರುಳು. ನಾಯಿ ಗಿಡ್ಡಗಾಗಲು ಎರಡು ದಾರಿಗಳಿವೆ. ಒಂದು, ಐಜಿಎಫ್1 ಜೀನ್‌ನಂಥವುಗಳ ವ್ಯತ್ಯಾಸದಿಂದ ಇಡೀ ನಾಯಿಯೇ ಪ್ರಮಾಣಬದ್ಧವಾಗಿ ಚಿಕ್ಕದಾಗುವುದು. ಇನ್ನೊಂದು, ಎಫ್‌ಜಿಎಫ್4 ಜೀನ್‌ನ ಹೆಚ್ಚುವರಿ ಪ್ರತಿಯಿಂದ ಮೈ ಹಾಗೇ ಉಳಿದು ಕಾಲಷ್ಟೇ ಮೊಟಕಾಗುವುದು. ಈ ಪ್ರತಿ 18ನೇ ಕ್ರೋಮೋಸೋಮಿನಲ್ಲಿದ್ದರೆ ಕಾಲು ಗಿಡ್ಡ. 12ನೇದರಲ್ಲಿದ್ದರೆ ಕಾಲು ಗಿಡ್ಡವಾಗುವುದರ ಜೊತೆಗೆ ಬೆನ್ನಿನ ಡಿಸ್ಕ್ ಎಳವೆಯಲ್ಲೇ ಗಟ್ಟಿಯಾಗಿ ಹೊರಜಾರುವ ಅಪಾಯವೂ ಇದೆ, ಅದಕ್ಕೆ ಒಂದೇ ಪ್ರತಿ ಸಾಕು. ಮಧ್ಯಮ ಕಾಲಿನ ತಂದೆ-ತಾಯಿ ಇಬ್ಬರಲ್ಲೂ ಇಂಥ ಒಂದೊಂದು ಪ್ರತಿ ಇದ್ದರೆ, ಸರಾಸರಿ ನಾಲ್ಕು ಮರಿಗೆ ಒಂದು ಉದ್ದಗಾಲಿನದು, ಎರಡು ಮಧ್ಯಮ, ಒಂದು ತೀರಾ ಗಿಡ್ಡ. ಒಂದೇ ಸೂಲಿನಲ್ಲಿ ಮೂರು ಎತ್ತರದ ಮರಿ ಕಂಡರೆ ತಾಯಿಯ ನಡತೆಯನ್ನು ಅನುಮಾನಿಸಬೇಕಿಲ್ಲ!

ಕಣ್ಣಲ್ಲೇ ಗುರುತಿಸುವುದು ಹೇಗೆ? ಒಳ್ಳೇ ಜಾಕ್ ರಸಲ್‌ನಲ್ಲಿ ಭುಜದಿಂದ ಎದೆಯ ತಳದವರೆಗಿನ ಆಳವೂ, ಮೊಣಕೈಯಿಂದ ನೆಲದವರೆಗಿನ ಕಾಲಿನ ಉದ್ದವೂ ಸಮ. ಎದೆಯ ಆಳವೇ ಜಾಸ್ತಿಯಿದ್ದು, ಮುಂಗಾಲು ಬಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಅದು ಎರಡನೇ ದಾರಿಯಲ್ಲಿ ಬಂದ ಗಿಡ್ಡತನ. ಬೆನ್ನಿನ ಅಪಾಯ ಮಾತ್ರ ಕಣ್ಣಿಗೆ ಕಾಣದು, ಜೀನ್ ಪರೀಕ್ಷೆಯೇ ಆಗಬೇಕು. ಅದಕ್ಕೆ ಕೊಟ್ಟ ಸ್ಯಾಂಪಲ್‌ನಲ್ಲೇ ಕಣ್ಣಿನ ಮಸೂರ ಜಾರುವ ರೋಗದ ಎಡಿಎಎಂಟಿಎಸ್17 ಪರೀಕ್ಷೆಯನ್ನೂ ಮಾಡಿಸಿ. ಗಿಡ್ಡ, ಉದ್ದ ಎರಡು ಬಗೆಗೂ ಅದು ಬೇಕು.

ಅಳತೆಯಲ್ಲಿ ಎಡವುವವರೇ ಹೆಚ್ಚು. ಟೇಪನ್ನು ಮೈಗೆ ಅಂಟಿಸಿ ಅಳೆದರೆ ಅದು ಎದೆಯ ಉಬ್ಬನ್ನೂ ಸೇರಿಸಿಕೊಂಡು ಎತ್ತರ ಜಾಸ್ತಿ ತೋರಿಸುತ್ತದೆ. ಗಟ್ಟಿ ನೆಲದ ಮೇಲೆ, ಗೋಡೆಯ ಪಕ್ಕ ನಿಲ್ಲಿಸಿ. ನಾಲ್ಕೂ ಕಾಲು ನೇರ, ತಲೆ ಸಹಜವಾಗಿರಲಿ. ಭುಜದ ಮೂಳೆಗಳ ತುದಿಯ ಮೇಲೆ ಮಟ್ಟವಾದ ಪಟ್ಟಿಯಿಟ್ಟು, ಗೋಡೆಗೆ ತಾಗಿದಲ್ಲಿ ಗುರುತು ಹಾಕಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಎದೆಗೆ ಎರಡು ಕೈಯೇ ಅಳತೆಗೋಲು: ನಾಯಿಯ ಹಿಂದೆ ನಿಂತು, ಮೊಣಕೈಗಳ ಹಿಂದೆ ಎದೆ ಹಿಡಿದು ಮುಂಗಾಲು ತುಸು ಎತ್ತಿ. ಹೆಬ್ಬೆರಳು ಬೆನ್ನ ಮೇಲೆ, ಮಿಕ್ಕ ಬೆರಳು ಕೆಳಗೆ ಕೂಡಬೇಕು, ಮೆಲ್ಲಗೆ ಒತ್ತಿದರೆ ಪಕ್ಕೆಲುಬು ಬಗ್ಗಬೇಕು. ಎತ್ತರ ಸರಿಯಿದ್ದೂ ಈ ಪರೀಕ್ಷೆಯಲ್ಲಿ ಸೋಲುವ ಪೀಪಾಯಿಯಂಥ ಎದೆಯ ನಾಯಿಗಳು ಬೇಕಾದಷ್ಟಿವೆ.

ಸಾಕುವಾಗ ಕಾಣುವ ವ್ಯತ್ಯಾಸ ಇನ್ನೂ ಸ್ಪಷ್ಟ. ಪಾರ್ಸನ್‌ಗೆ ದೂರದ ಓಟ, ಎತ್ತರದ ಜಿಗಿತ ಸಲೀಸು. ಒಂದು ಮೀಟರ್ ಬೇಲಿಯನ್ನು ಅದು ಬೇಲಿ ಅಂದುಕೊಳ್ಳುವುದೇ ಇಲ್ಲ. ಗಿಡ್ಡ ಜಾಕ್ ಬೇಲಿಯ ಅಡಿಯಲ್ಲಿ ತೋಡುತ್ತದೆ, ಹಾಗಾಗಿ ಜಾಲರಿಯನ್ನು ನೆಲದೊಳಕ್ಕೂ ಹೂಳಬೇಕು. ಮೊಟಕು ಕಾಲಿನದನ್ನು ಸೋಫಾದಿಂದ ದುಮುಕಲು ಬಿಡದೆ ಇಳಿಜಾರು ಹಲಗೆ ಇಡಿ. ಹಾರ್ನೆಸ್ ಕೊಳ್ಳುವಾಗ ಎತ್ತರ ಲೆಕ್ಕಕ್ಕಿಲ್ಲ, ಮೊಣಕೈ ಹಿಂದಿನ ಸುತ್ತಳತೆ ನೋಡಿ. ಜಾಕ್ ರಸಲ್‌ಗೆ ಅದು 40–43 ಸೆಂ.ಮೀ. ಚಟುವಟಿಕೆ? ಗಿಡ್ಡದಾದರೆ ಸುಮ್ಮನಿರುತ್ತದೆ ಅನ್ನುವುದು ಶುದ್ಧ ಸುಳ್ಳು.

ಊಟದ ಲೆಕ್ಕಕ್ಕೆ ತೂಕದ 0.75ನೇ ಘಾತವನ್ನು 70ರಿಂದ ಗುಣಿಸಿ, ಸಂತಾನಹರಣ ಆದ ವಯಸ್ಕ ನಾಯಿಗೆ ಮತ್ತೆ 1.6ರಿಂದ ಗುಣಿಸಿ. 5 ಕೆ.ಜಿ.ಗೆ ದಿನಕ್ಕೆ ಸುಮಾರು 375, 6ಕ್ಕೆ 430, 8ಕ್ಕೆ 530 ಕ್ಯಾಲೊರಿ. 6 ಕೆ.ಜಿ. ನಾಯಿಗೆ ಅರ್ಧ ಕೆ.ಜಿ. ಏರಿದರೆ ಶೇ. 8ರಷ್ಟಾಯಿತು, ಗಿಡ್ಡ ಕಾಲಿನದಕ್ಕೆ ಅದೆಲ್ಲ ಬೆನ್ನಿನ ಮೇಲೆ ಬೀಳುತ್ತದೆ.

ಓಟಕ್ಕೆ, ಬೆಟ್ಟ ಹತ್ತಲು ನಮ್ಮ ಮತ ಪಾರ್ಸನ್‌ಗೆ. ಚಿಕ್ಕದೇ ಬೇಕಿದ್ದರೆ ನೇರ ಮುಂಗಾಲಿನ, 12ನೇ ಕ್ರೋಮೋಸೋಮಿನ ಪರೀಕ್ಷೆಯಲ್ಲಿ ಪಾಸಾದ ಜಾಕ್. ಕೆಲಸದ ರಸಲ್ ಗಟ್ಟಿಮುಟ್ಟು, ಆದರೆ ಮರಿ ಎಷ್ಟೆತ್ತರ ಬೆಳೆಯುತ್ತದೆ ಅನ್ನುವುದಕ್ಕೆ ಖಾತ್ರಿಯಿಲ್ಲ. ತಂದೆ-ತಾಯಿಯ ಜೊತೆ ಹಿಂದಿನ ಸೂಲಿನ ಬೆಳೆದ ನಾಯಿಗಳನ್ನೂ ಅಳೆಯಲು ಬಿಡುವವರ ಹತ್ತಿರ ಮಾತ್ರ ಕೊಳ್ಳಿ.